ಭಂಗಾರದೊಳಗಿನ ಬಂಗಾರ: ಹಳೆಯ ಕಾರಿಗೆ ಹೊಸ ಬಿಡಿಭಾಗ ಕೊಳ್ಳುವಾಗ

ಸೊಲ್ಲಾಪುರ ಸೀಮೆಯ ಕನ್ನಡಿಗರು ಎರಡು ಭಾಷೆಗಳ ನಡುವೆ ಬದುಕುವವರು. ಮರಾಠಿಯಲ್ಲಿ ಗುಜರಿ ಸಾಮಾನಿಗೆ ‘ಭಂಗಾರ’ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಚಿನ್ನಕ್ಕೆ ‘ಬಂಗಾರ’ ಎನ್ನುತ್ತೇವೆ. ಇವೆರಡರ ನಡುವೆ ಇರುವುದು ಒಂದು ಮಹಾಪ್ರಾಣದ ಅಂತರ ಮಾತ್ರ. ಆ ಅಂತರ ಎಷ್ಟು ಕಿರಿದೆಂಬುದು ಮನೆಯ ಮುಂದೆ ಹಳೆಯ ಕಾರನ್ನು ನಿಲ್ಲಿಸಿಕೊಂಡವನಿಗೆ ದಿನವೂ ಅನುಭವಕ್ಕೆ ಬರುತ್ತದೆ. ನೆರೆಯವರು ಅದನ್ನು ಭಂಗಾರವೆಂದು ಕರೆದರೆ ಮನೆಯವರು ಬಂಗಾರವೆಂದು ಕಾಯುತ್ತಾರೆ. ಕೊನೆಗೆ ಅದು ಯಾವುದಾಗಬೇಕೆಂಬುದನ್ನು ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಬಿಡಿಭಾಗವೊಂದು ನಿರ್ಧರಿಸಿಬಿಡುತ್ತದೆ.

ನಮ್ಮ ಮನೆಯಲ್ಲಿರುವುದು ತಂದೆಯವರು ಕೊಂಡ ಪ್ರೀಮಿಯರ್ ಪದ್ಮಿನಿ. ಎರಡು ವರ್ಷಗಳ ಹಿಂದೆ ಅದರ ಬ್ರೇಕಿನ ವ್ಹೀಲ್ ಸಿಲಿಂಡರುಗಳೊಳಗಿನ ರಬ್ಬರ್ ಕಪ್‌ಗಳನ್ನು ಬದಲಿಸಬೇಕಾಯಿತು. ಅಂಗಡಿಯವರು ಎರಡು ಕಿಟ್‌ಗಳನ್ನು ನನ್ನ ಮುಂದಿಟ್ಟರು. ಒಂದು, ಈಚೆಗೆ ಯಾರೋ ಸಣ್ಣ ತಯಾರಕರು ಮಾಡಿದ್ದು, ಪಾರದರ್ಶಕ ಚೀಲದಲ್ಲಿತ್ತು. ಇನ್ನೊಂದು, ಹಳೆಯ ಕಂಪನಿಯ ಅಸಲಿ ಮಾಲು. ಬಣ್ಣ ಮಾಸಿದ ರಟ್ಟಿನ ಡಬ್ಬಿ, ಒಡೆಯದ ಮುದ್ರೆ, ಮೂರು ಪಟ್ಟು ಬೆಲೆ. ತಂದೆಯವರ ಕಾರಿಗೆ ಅಸಲಿಯೇ ಇರಲಿ ಎಂದು ನಾನು ಡಬ್ಬಿಯನ್ನೇ ಆರಿಸಿಕೊಂಡೆ. ಮೂರು ವಾರಗಳ ಅನಂತರ ಒಂದು ಸಂಜೆ ಸೊಲ್ಲಾಪುರದಿಂದ ಮಂಗಳವೇಢೆಗೆ ಮರಳುತ್ತಿದ್ದಾಗ, ಭೀಮಾ ನದಿಯ ಸೇತುವೆ ಇನ್ನೂ ಮುಂದಿರುವಾಗಲೇ ಬ್ರೇಕ್ ಪೆಡಲು ನನ್ನ ಕಾಲಿನ ಕೆಳಗೆ ನೆಲದವರೆಗೂ ಇಳಿದುಹೋಯಿತು. ಹಿಂದಿನ ಸೀಟಿನಲ್ಲಿ ತಾಯಿಯವರೂ ಇಬ್ಬರು ಮಕ್ಕಳೂ ಇದ್ದರು. ಗೇರು ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ರಸ್ತೆಯ ಬದಿಯ ಜೋಳದ ಹೊಲಕ್ಕೆ ಕಾರನ್ನು ತಿರುಗಿಸಿದೆ. ಮೆತ್ತಗಿನ ಎರೆಮಣ್ಣು ನಮ್ಮನ್ನು ಹಿಡಿದು ನಿಲ್ಲಿಸಿತು. ಯಾರಿಗೂ ಪೆಟ್ಟಾಗಲಿಲ್ಲ.

ಮರುದಿನ ನಮ್ಮ ಮಿಸ್ತ್ರಿಯವರು ಸಿಲಿಂಡರು ಬಿಚ್ಚಿ, ಆ ಕಪ್ಪನ್ನು ಉಗುರಿನಿಂದ ಒತ್ತಿ ತೋರಿಸಿದರು. ಅಂಚಿನಲ್ಲಿ ಕೂದಲೆಳೆಯಂಥ ಬಿರುಕುಗಳು ಬಾಯಿಬಿಟ್ಟವು. “ಸರ, ಡಬ್ಬೀನೂ ಖರೇ, ಕಂಪನೀನೂ ಖರೇ. ಆದ್ರ ರಬ್ಬರ್ ಮೂವತ್ತ ವರ್ಷದ್ದು. ಡಬ್ಬ್ಯಾಗ ಕುಂತಲ್ಲೇ ಮುದುಕ ಆಗೇದ,” ಎಂದರು.

ಅಂಗಡಿಯವರು ನನಗೆ ಮೋಸ ಮಾಡಿರಲಿಲ್ಲ. ಅವರು ಅಸಲಿಯೆಂದು ಕೊಟ್ಟದ್ದು ಅಸಲಿಯೇ ಆಗಿತ್ತು. ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. ‘ಇದು ಅಸಲಿಯೋ, ನಕಲಿಯೋ?’ ಎಂದು ಕೇಳಿದೆನೇ ಹೊರತು, ‘ಇದು ಯಾವ ಕೆಲಸದ ಭಾಗ, ಯಾವ ವಸ್ತುವಿನಿಂದ ಆದದ್ದು, ಎಂದು ತಯಾರಾದದ್ದು?’ ಎಂದು ಕೇಳಲಿಲ್ಲ. ಹಳೆಯ ವಾಹನಕ್ಕೆ ಮರುತಯಾರಿಯ ಬಿಡಿಭಾಗ ಕೊಳ್ಳುವವರಿಗೆ ನಾನು ಹೇಳಬೇಕಾದ ಮಾತು ಇಷ್ಟೇ. ಉಳಿದುದೆಲ್ಲ ಅದರ ವಿವರಣೆ.

ಈ ಕಾರಿನ ಕಥೆಗೂ ನಮ್ಮ ಊರಿಗೂ ಹಳೆಯ ನಂಟಿದೆ. ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯನ್ನು 1944ರಲ್ಲಿ ಸ್ಥಾಪಿಸಿದ ವಾಲ್‌ಚಂದ್ ಹೀರಾಚಂದರು 1882ರ ನವೆಂಬರ್ 23ರಂದು ಸೊಲ್ಲಾಪುರದಲ್ಲಿ ಹುಟ್ಟಿದವರು. ಬೆಂಗಳೂರಿನಲ್ಲಿ 1940ರಲ್ಲಿ ವಿಮಾನ ಕಾರ್ಖಾನೆಗೆ ಅಡಿಪಾಯ ಹಾಕಿದವರೂ ಅವರೇ. ಭಾರತದಲ್ಲಿಯೇ ಕಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಯೋಜನೆ ಸಿದ್ಧಪಡಿಸಿ, ಅದಕ್ಕಾಗಿ ಯುರೋಪು ಅಮೆರಿಕೆಗಳ ಕಾರ್ಖಾನೆಗಳನ್ನು ನೋಡಿಬಂದ ಸರ್ ಎಂ. ವಿಶ್ವೇಶ್ವರಯ್ಯನವರೂ ವಾಲ್‌ಚಂದರೂ ಈ ಪ್ರಯತ್ನದಲ್ಲಿ ಜೊತೆಗಾರರಾಗಿದ್ದರು. ಇಟಲಿಯ ಫಿಯಟ್ 1100 ಕಾರು 1954ರ ಸುಮಾರಿಗೆ ಈ ಕಂಪನಿಯ ಮೂಲಕ ನಮ್ಮ ರಸ್ತೆಗಳಿಗೆ ಬಂತು. ಅದರ ದುಂಡಗಿನ ಮೈಯನ್ನು ನೋಡಿದ ಮಹಾರಾಷ್ಟ್ರದ ಜನ ಅದಕ್ಕೆ ‘ಡುಕ್ಕರ್ ಫಿಯಟ್’, ಅಂದರೆ ಹಂದಿ ಫಿಯಟ್, ಎಂದು ಹೆಸರಿಟ್ಟರು. 1964ರಿಂದ 1100 ಡಿ ಮಾದರಿ ಬಂತು. 1970ರ ದಶಕದಲ್ಲಿ ಅದಕ್ಕೇ ಪದ್ಮಿನಿಯೆಂಬ ಹೆಸರಾಯಿತು. 1089 ಸಿಸಿಯ ಈ ಸಂಸಾರಿ ಕಾರನ್ನು ಮದರಾಸಿನ ಹತ್ತಿರದ ಶೋಲಾವರಂ ವಿಮಾನ ಓಡುದಾರಿಯಲ್ಲಿ ನಡೆಯುತ್ತಿದ್ದ ಪಂದ್ಯಗಳಲ್ಲಿ ಹುರಿಗೊಳಿಸಿ ಓಡಿಸುತ್ತಿದ್ದರು. ವಿದೇಶಿ ಸ್ಪೋರ್ಟ್ಸ್ ಕಾರುಗಳು ಕೈಗೆಟುಕದ ಆ ಕಾಲದಲ್ಲಿ ನಮ್ಮವರ ಪಾಲಿನ ಸ್ಪೋರ್ಟ್ಸ್ ಕಾರು ಇದೇ ಆಗಿತ್ತು.

ಕಾರ್ಖಾನೆ ನಿಂತ ಮೇಲೂ ಪದ್ಮಿನಿಯ ಬಿಡಿಭಾಗಗಳಿಗೆ ಬಹುಕಾಲ ಕೊರತೆಯಾಗಲಿಲ್ಲ. ಅದಕ್ಕೆ ಕಾರಣ ಮುಂಬೈಯ ಕಪ್ಪು ಹಳದಿ ಟ್ಯಾಕ್ಸಿಗಳು. ದಿನವಿಡೀ ಓಡುವ ಟ್ಯಾಕ್ಸಿ ಬೇಗ ಸವೆಯುತ್ತದೆ; ಸವೆದಂತೆ ಬಿಡಿಭಾಗಗಳ ಮಾರಾಟ ನಡೆಯುತ್ತದೆ; ಮಾರಾಟವಿದ್ದರೆ ತಯಾರಕನೂ ಇರುತ್ತಾನೆ. ಟ್ಯಾಕ್ಸಿಗಳಿಗೆ ಇಪ್ಪತ್ತು ವರ್ಷಗಳ ಮಿತಿಯಿದ್ದುದರಿಂದ, 2003ರ ಅಕ್ಟೋಬರಿನಲ್ಲಿ ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ಸೇವೆಯಿಂದ ನಿವೃತ್ತವಾಯಿತು. ನಮ್ಮಂಥವರಿಗೆ ಬಿಡಿಭಾಗ ಒದಗಿಸುತ್ತಿದ್ದ ದೊಡ್ಡ ಹೊಳೆ ಅಂದಿಗೆ ಬತ್ತಿತು. ಈಗ ಸಿಗುವುದು ಮೂರು ಬಗೆಯ ಮಾಲು: ಗುಜರಿಯಲ್ಲಿ ಬಿಚ್ಚಿದ ಹಳೆಯ ಭಾಗ, ಡಬ್ಬಿಯಲ್ಲೇ ಉಳಿದ ಹಳೆಯ ದಾಸ್ತಾನು, ಮತ್ತು ಹಳೆಯದನ್ನು ನೋಡಿ ಹೊಸದಾಗಿ ಮಾಡಿದ ಪ್ರತಿಕೃತಿ.

ಮೈಸೂರಿನ ಜಾವಾ ಮತ್ತು ಯೆಜ್ಡಿ ಮೋಟಾರ್ ಸೈಕಲ್ಲುಗಳ ಕಥೆಯೂ ಇದೇ. ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೆ ಬಂಡಿಗಳನ್ನು ಬಿಡಲೊಲ್ಲದ ಸವಾರರು ಉಳಿದರು. ಕೊಳ್ಳುವವರು ಇದ್ದುದರಿಂದ ಸೈಲೆನ್ಸರಿನಿಂದ ಹಿಡಿದು ಟ್ಯಾಂಕಿನ ರಬ್ಬರಿನವರೆಗೆ ಪ್ರತಿಕೃತಿಗಳು ತಯಾರಾಗುತ್ತಲೇ ಬಂದವು. ಅದೇ ಹೆಸರಿನ ಹೊಸ ಬಂಡಿಗಳು 2018ರಿಂದ ಮಾರುಕಟ್ಟೆಗೆ ಬಂದಿವೆಯಾದರೂ ಅವುಗಳ ಎಂಜಿನ್ನೇ ಬೇರೆ. ಹೆಸರು ಒಂದೇ ಎಂದ ಮಾತ್ರಕ್ಕೆ ಬಿಡಿಭಾಗ ಕೂಡುವುದಿಲ್ಲ.

‘ಪ್ರತಿಕೃತಿ’ ಎಂದೊಡನೆ ಮೂಗು ಮುರಿಯುವ ಅಭ್ಯಾಸ ನಮ್ಮಲ್ಲಿದೆ. ಸೊಲ್ಲಾಪುರದಲ್ಲಿ ಬದುಕುವವರಿಗೆ ಅದು ಒಪ್ಪುವ ಮಾತಲ್ಲ. ನಮ್ಮ ಓದುಗರಲ್ಲಿ ಎಷ್ಟೋ ಮನೆಗಳು ಮಗ್ಗದಿಂದ ಬದುಕಿದವು. ಮಗ್ಗದ ಹಲ್ಲುಗಾಲಿ ಮುರಿದಾಗ ಯಾರೂ ಮೂಲ ತಯಾರಕನನ್ನು ಹುಡುಕಿಕೊಂಡು ಹೋಗುವುದಿಲ್ಲ. ಮುರಿದುದನ್ನೇ ಮಾದರಿಯಾಗಿ ಕೊಟ್ಟು ಎರಕ ಹೊಯ್ಯಿಸಿ, ಲೇಥಿನಲ್ಲಿ ಹದಗೊಳಿಸಿ, ಮರುದಿನ ಮಗ್ಗ ನಡೆಸುತ್ತಾರೆ. ಕೊಲ್ಲಾಪುರ ಮತ್ತು ಬೆಳಗಾವಿಯ ಎರಕದ ಕಾರ್ಖಾನೆಗಳು ನಮ್ಮಿಂದ ದೂರವಿಲ್ಲ. ನಕಲು ಮಾಡುವುದು ಒಂದು ವಿದ್ಯೆ. ನಕಲನ್ನು ಅಸಲಿಯೆಂದು ಮಾರುವುದು ಮೋಸ. ಈ ಎರಡನ್ನೂ ಬೆರೆಸಿ ನೋಡಬಾರದು.

ಬ್ರಿಟನ್ನಿನ ಎಂಜಿಬಿ ಸ್ಪೋರ್ಟ್ಸ್ ಕಾರು 1962ರಿಂದ 1980ರವರೆಗೆ ತಯಾರಾಯಿತು. ಇಂಥ ಕಾರುಗಳಿಗೆ ಬಿಡಿಭಾಗ ಒದಗಿಸಲೆಂದೇ 1975ರಲ್ಲಿ ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆ ಹುಟ್ಟಿತು. ಅದು ಹಳೆಯ ಕಾರ್ಖಾನೆಯ ಮೂಲ ಅಚ್ಚುಗಳನ್ನು ಹುಡುಕಿ ತಂದು, 1988ರಿಂದ ಎಂಜಿಬಿಯ ಇಡೀ ಹೊರಮೈಯನ್ನೇ ಮತ್ತೆ ತಯಾರಿಸತೊಡಗಿತು. ಮೂಲ ಅಚ್ಚಿನಿಂದ ಬಂದ ಹೊಸ ತಗಡು ಅಸಲಿಯೋ, ನಕಲಿಯೋ? ಎರಡೂ ಅಲ್ಲ, ಅದು ಒಳ್ಳೆಯ ಮರುತಯಾರಿ. ಅಚ್ಚು ಇಲ್ಲದಿದ್ದಾಗ ಬೇರೆ ದಾರಿಯಿದೆ. ಪೋರ್ಶೆ 959 ಎಂಬ ಸ್ಪೋರ್ಟ್ಸ್ ಕಾರು ತಯಾರಾದದ್ದು ಕೇವಲ 292. ಅದರ ಕ್ಲಚ್ ಬಿಡಿಸುವ ಸನ್ನೆಕೋಲು ಮುಗಿದುಹೋದಾಗ ಕಂಪನಿಯೇ ಉಕ್ಕಿನ ಪುಡಿಯನ್ನು ಲೇಸರ್ ಕಿರಣದಿಂದ ಪದರ ಪದರವಾಗಿ ಕರಗಿಸಿ ಅದನ್ನು ಮತ್ತೆ ಮಾಡಿತು; 2018ರಲ್ಲಿ ಈ ವಿಷಯವನ್ನು ಪ್ರಕಟಿಸಿತು. ಮಾಡಿದ ಭಾಗದ ಮೇಲೆ ಸುಮಾರು ಮೂರು ಟನ್ ಭಾರ ಹೇರಿ ಪರೀಕ್ಷಿಸಿತು. ಒಳಗೆ ಬಿರುಕುಗಳಿಲ್ಲವೆಂದು ಸ್ಕ್ಯಾನ್ ಮಾಡಿ ನೋಡಿತು. ಕಾರಿಗೆ ಜೋಡಿಸಿ ಓಡಿಸಿಯೂ ನೋಡಿತು. ಮೂಲ ತಯಾರಕನೇ ಮಾಡಿದರೂ ಪರೀಕ್ಷೆಯಿಲ್ಲದೆ ಅದನ್ನು ಮಾರಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ನಮ್ಮ ಕೈಯಲ್ಲಿ ಅಂಥ ಪರೀಕ್ಷಾಲಯಗಳಿಲ್ಲ. ಆದ್ದರಿಂದ ಕೊಳ್ಳುವ ಮೊದಲು ಬಿಡಿಭಾಗಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿಕೊಳ್ಳುವುದು ಒಳ್ಳೆಯದು.

ಮೊದಲನೆಯ ಗುಂಪು, ಜೀವ ಹೊತ್ತ ಭಾಗಗಳದು: ಬ್ರೇಕು, ಸ್ಟಿಯರಿಂಗು, ಗಾಲಿಯ ಜೋಡಣೆ, ಟಯರು, ಪೆಟ್ರೋಲಿನ ಪೈಪು. ಇವುಗಳಲ್ಲಿ ರಬ್ಬರು ಇರುವುದೇನಾದರೂ ಹಳೆಯ ದಾಸ್ತಾನಿನದಾಗಿರಬಾರದು. ಗಾಳಿಯಲ್ಲಿನ ಆಮ್ಲಜನಕ ಮತ್ತು ಓಝೋನ್ ರಬ್ಬರನ್ನು ಮೆಲ್ಲಗೆ ಕೆಡಿಸುತ್ತವೆ. ಬಿಸಿ ಆ ಕೆಲಸವನ್ನು ಬೇಗಗೊಳಿಸುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ, ತಗಡಿನ ಮಾಡಿನ ಅಂಗಡಿಯ ಅಟ್ಟದ ಮೇಲೆ ವರ್ಷಗಟ್ಟಲೆ ಕುಳಿತ ರಬ್ಬರಿನ ಸ್ಥಿತಿಯನ್ನು ಊಹಿಸಬಹುದು. ಇಲ್ಲಿ ಈಚೆಗೆ ತಯಾರಾದ ಒಳ್ಳೆಯ ಪ್ರತಿಕೃತಿಯೇ ಮೂವತ್ತು ವರ್ಷದ ಅಸಲಿಗಿಂತ ಮೇಲು. ಪೆಟ್ರೋಲಿನ ಪೈಪಿಗೂ ಪಂಪಿನ ಪೊರೆಗೂ ಇನ್ನೊಂದು ಕಾರಣವಿದೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಬೆರೆತಿರುತ್ತದೆ; ಹಳೆಯ ಕಾಲದ ರಬ್ಬರು ಅದಕ್ಕಾಗಿ ತಯಾರಾದದ್ದಲ್ಲ. ಸೋರುವ ಪೈಪು ಬಿಸಿ ಎಂಜಿನ್ನಿನ ಪಕ್ಕದಲ್ಲಿದ್ದರೆ ಅದರ ಪರಿಣಾಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಥೆನಾಲ್ ತಾಳುವ ಪೈಪನ್ನೇ ಕೇಳಿ ಕೊಳ್ಳಬೇಕು.

ಬ್ರೇಕಿನ ವಿಷಯದಲ್ಲಿ ಇನ್ನೆರಡು ಮಾತು. ರಬ್ಬರ್ ಕಪ್‌ಗಳನ್ನು ಪೆಟ್ರೋಲಿನಲ್ಲಿಯಾಗಲಿ ಎಂಜಿನ್ ಆಯಿಲ್‌ನಲ್ಲಿಯಾಗಲಿ ತೊಳೆಯಬಾರದು; ಅವು ಉಬ್ಬಿ ಕೆಡುತ್ತವೆ. ಜೋಡಿಸುವಾಗ ಹಚ್ಚಬೇಕಾದದ್ದು ಬ್ರೇಕ್ ಆಯಿಲ್ ಒಂದೇ. ಎರಡನೆಯದಾಗಿ, ನಮ್ಮ ಕಾರಿನಂಥ ಹಳೆಯ ಕಾರುಗಳಲ್ಲಿ ನಾಲ್ಕೂ ಗಾಲಿಗಳ ಬ್ರೇಕಿಗೆ ಒಂದೇ ಒತ್ತಡದ ಮಾರ್ಗವಿರುತ್ತದೆ. ಒಂದು ಗಾಲಿಯಲ್ಲಿ ಸೋರಿಕೆಯಾದರೆ ಉಳಿದ ಮೂರೂ ಕೈಬಿಡುತ್ತವೆ. ಆ ಸಂಜೆ ಭೀಮೆಯ ದಂಡೆಯಲ್ಲಿ ನನಗೆ ಆದದ್ದು ಇದೇ.

ಎರಡನೆಯ ಗುಂಪು, ಓಡಿಸುವ ಭಾಗಗಳದು: ಪಿಸ್ಟನ್ನು, ಬೇರಿಂಗು, ಹಲ್ಲುಗಾಲಿ, ಕ್ಲಚ್ಚು. ಇಲ್ಲಿ ಅಳತೆಯೇ ದೇವರು. ಎಂಜಿನ್ನನ್ನು ಹಿಂದೆ ಬೋರ್ ಮಾಡಿಸಿದ್ದರೆ, ಎಷ್ಟು ಅಗಲಿಸಿದ್ದಾರೋ ಅಷ್ಟೇ ದೊಡ್ಡ ಪಿಸ್ಟನ್ ಬೇಕು. ಕಾರಿನ ಹೆಸರು ಹೇಳಿ ತಂದದ್ದು ಕೂಡುವುದಿಲ್ಲ. ಮೊದಲು ಬಿಚ್ಚಬೇಕು, ಅಳೆಯಬೇಕು, ಅನಂತರ ಕೊಳ್ಳಬೇಕು. ಹೊರದೇಶದ ಕಾರುಗಳಲ್ಲಿ ಇದು ಇನ್ನೂ ಸೂಕ್ಷ್ಮ. 1945ರಿಂದ 1949ರವರೆಗೆ ತಯಾರಾದ ಎಂಜಿ ಟಿಸಿ ಸ್ಪೋರ್ಟ್ಸ್ ಕಾರಿನ ಎಂಜಿನ್ನಿನಲ್ಲಿ ಬೋಲ್ಟಿನ ಥ್ರೆಡ್ ಮಿಲಿಮೀಟರ್ ಲೆಕ್ಕದ್ದು, ಬೋಲ್ಟಿನ ತಲೆ ಮಾತ್ರ ಇಂಗ್ಲಿಷರ ವಿಟ್‌ವರ್ತ್ ಅಳತೆಯದು. ಆ ಎಂಜಿನ್ ಕಾರ್ಖಾನೆಯನ್ನು ಮೋರಿಸ್ ಕಂಪನಿ 1923ರಲ್ಲಿ ಹಾಚ್‌ಕಿಸ್ ಎಂಬ ಫ್ರೆಂಚ್ ಸಂಸ್ಥೆಯಿಂದ ಕೊಂಡಿತ್ತು. ಯಂತ್ರಗಳು ಫ್ರೆಂಚರ ಅಳತೆಯವು, ಪಾನಾಗಳು ಇಂಗ್ಲಿಷರವು. ಈ ಇತಿಹಾಸ ಗೊತ್ತಿಲ್ಲದವನು ತಲೆಯ ಅಳತೆ ನೋಡಿ ಬೋಲ್ಟ್ ತಂದು ಎಂಜಿನ್ನಿನ ಥ್ರೆಡ್ಡನ್ನೇ ಹಾಳುಮಾಡಿಕೊಳ್ಳುತ್ತಾನೆ.

ಈ ಗುಂಪಿನಲ್ಲಿಯೇ ಹಣ ಉಳಿಸುವ ದಾರಿಯೂ ಇದೆ. ಎಷ್ಟೋ ಬೇರಿಂಗುಗಳು ಯಾವ ಕಾರಿಗೂ ಸೇರಿದವಲ್ಲ, ಲೋಕಕ್ಕೆಲ್ಲ ಸೇರಿದವು. ಅಂಚಿನ ಮೇಲೆ ಕೆತ್ತಿದ ಅಂಕಿಯೇ ಅವುಗಳ ಜಾತಕ. 6204 ಎಂದಿದ್ದರೆ ಕೊನೆಯ ಎರಡು ಅಂಕಿಗಳನ್ನು 5ರಿಂದ ಗುಣಿಸಬೇಕು: 04 ಗುಣಿಸು 5, ಒಳವ್ಯಾಸ 20 ಮಿಲಿಮೀಟರ್. 6205 ಆದರೆ 25. 6204ರ ಹೊರವ್ಯಾಸ 47, ದಪ್ಪ 14 ಮಿಲಿಮೀಟರ್; ಅದು ನೀರೆತ್ತುವ ಪಂಪಿನಲ್ಲಿದ್ದರೂ ಹಳೆಯ ಕಾರಿನಲ್ಲಿದ್ದರೂ ಒಂದೇ. ‘ವಿಂಟೇಜ್ ಕಾರಿನದು’ ಎಂದು ಕೇಳಿದರೆ ದುಬಾರಿಯಾಗುವ ವಸ್ತು, ಅಂಕಿ ಹೇಳಿ ಬೇರಿಂಗ್ ಅಂಗಡಿಯಲ್ಲಿ ಕೇಳಿದರೆ ಸಾಧಾರಣ ಬೆಲೆಗೆ ಸಿಗುತ್ತದೆ. ಆಯಿಲ್ ಸೀಲುಗಳೂ ಹಾಗೆಯೇ. ಒಳವ್ಯಾಸ, ಹೊರವ್ಯಾಸ, ದಪ್ಪ ಈ ಮೂರು ಅಳತೆಗಳಿದ್ದರೆ ಸಾಕು.

ಮೂರನೆಯ ಗುಂಪು, ನೋಟದ ಭಾಗಗಳದು: ಬಂಪರು, ಹೆಸರಿನ ಫಲಕ, ದೀಪದ ಬಳೆ, ಸೀಟಿನ ಹೊದಿಕೆ. ಇಲ್ಲಿ ಪ್ರತಿಕೃತಿಯಿಂದ ಜೀವಕ್ಕೆ ಅಪಾಯವಿಲ್ಲ, ಜೇಬಿಗೆ ಮಾತ್ರ. ಹೊಳಪನ್ನು ನೋಡಿ ಮರುಳಾಗಬಾರದು. ಒಳ್ಳೆಯ ಕ್ರೋಮ್ ಲೇಪನದಲ್ಲಿ ಮೊದಲು ತಾಮ್ರ, ಅದರ ಮೇಲೆ ನಿಕ್ಕೆಲ್, ಕೊನೆಗೆ ಕ್ರೋಮ್ ಇರುತ್ತದೆ. ಕ್ರೋಮಿನ ಪದರ ಬಹಳ ತೆಳು. ತುಕ್ಕನ್ನು ತಡೆಯುವುದು ಅದರ ಕೆಳಗಿನ ನಿಕ್ಕೆಲ್. ಅಗ್ಗದ ಮಾಲಿನಲ್ಲಿ ಕಳುವಾಗುವುದು ಕಣ್ಣಿಗೆ ಕಾಣದ ಆ ಪದರವೇ. ಅಂಥ ಬಂಪರು ಎರಡನೆಯ ಮಳೆಗಾಲದ ಹೊತ್ತಿಗೆ ಗುಳ್ಳೆಯೆದ್ದು ಸಿಪ್ಪೆ ಬಿಡುತ್ತದೆ. ಹಳೆಯ ಬಂಪರು ಗಟ್ಟಿಯಾಗಿದ್ದರೆ ಅದಕ್ಕೇ ಮತ್ತೆ ಲೇಪನ ಮಾಡಿಸುವುದು ಲೇಸು.

ಅಂಗಡಿಗೆ ಹೋಗುವಾಗ ಜೊತೆಗೊಯ್ಯಬೇಕಾದವು ಮೂರು ವಸ್ತುಗಳು: ಕಳಚಿದ ಹಳೆಯ ಭಾಗ, ಒಂದು ವರ್ನಿಯರ್ ಕ್ಯಾಲಿಪರ್, ಒಂದು ಸಣ್ಣ ಅಯಸ್ಕಾಂತ. ಹಿತ್ತಾಳೆ ಅಥವಾ ಕಂಚಿನ ಬುಶ್ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಟಿದರೆ ಅದು ಬಣ್ಣ ಬಳಿದ ಕಬ್ಬಿಣ. ಹಳೆಯದನ್ನೂ ಹೊಸದನ್ನೂ ಎರಡು ಕೈಗಳಲ್ಲಿ ತೂಗಿ ನೋಡಿದರೆ ಲೋಹ ಉಳಿಸಿದ ಕಳ್ಳತನ ಗೊತ್ತಾಗುತ್ತದೆ. ಟಯರಿನ ಪಕ್ಕದ ಮೇಲೆ ಕೊನೆಯ ನಾಲ್ಕು ಅಂಕಿಗಳು ತಯಾರಿಯ ವಾರವನ್ನೂ ವರ್ಷವನ್ನೂ ಹೇಳುತ್ತವೆ: 2319 ಎಂದರೆ 2019ರ 23ನೆಯ ವಾರ. ತಯಾರಿಯ ದಿನಾಂಕವಾಗಲಿ ತಯಾರಕನ ಹೆಸರಾಗಲಿ ಇಲ್ಲದ ಬ್ರೇಕಿನ ಭಾಗವನ್ನು ಎಷ್ಟೇ ಅಗ್ಗವಾಗಿದ್ದರೂ ಬಿಟ್ಟುಬರಬೇಕು. ಹೊರದೇಶದಿಂದ ತರಿಸುವವರು ಬೆಲೆಯನ್ನಷ್ಟೇ ನೋಡದೆ, ಬೆಲೆ, ಸಾಗಣೆ, ವಿಮೆ ಮೂರನ್ನೂ ಕೂಡಿಸಿದ ಮೊತ್ತದ ಮೇಲೆ ಸುಂಕ ಬೀಳುತ್ತದೆಂಬುದನ್ನು ನೆನಪಿಡಬೇಕು. ಕೂಡದ ಭಾಗವನ್ನು ಹಿಂದಿರುಗಿಸುವ ಖರ್ಚು ಹಲವು ಸಲ ಭಾಗದ ಬೆಲೆಯನ್ನೇ ಮೀರುತ್ತದೆ.

ಕಾನೂನಿನ ದೃಷ್ಟಿಯಿಂದಲೂ ಒಂದು ಎಚ್ಚರಿಕೆ ಅಗತ್ಯ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮಗಳನ್ನು ತಂದಿತು. ಐವತ್ತು ವರ್ಷ ದಾಟಿದ, ಮೂಲರೂಪದಲ್ಲೇ ಉಳಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ‘ವಿಎ’ ಅಕ್ಷರಗಳುಳ್ಳ ಸಂಖ್ಯೆ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ. ಅದು 10 ವರ್ಷ ನಡೆಯುತ್ತದೆ. ಮರುನೋಂದಣಿಗೆ 5,000 ರೂಪಾಯಿ. ಆದರೆ ಚಾಸಿ, ಹೊರಮೈ, ಎಂಜಿನ್ ಇವುಗಳಲ್ಲಿ ಮಾರ್ಪಾಡು ಆಗಿರಬಾರದು. ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಬಳಸುವಂತಿಲ್ಲ. ಹಾಗಾಗಿ ಹಳೆಯ ಎಂಜಿನ್ ಕಿತ್ತು ಬೇರೆ ಕಾರಿನ ಡೀಸೆಲ್ ಎಂಜಿನ್ ಕೂರಿಸಿದವರು ಆ ದಾರಿಯನ್ನು ತಾವೇ ಮುಚ್ಚಿಕೊಂಡಂತೆ. ಸವೆದ ಭಾಗಕ್ಕೆ ಅದೇ ಅಳತೆಯ, ಅದೇ ರೂಪದ ಹೊಸ ಭಾಗ ಹಾಕುವುದು ದುರಸ್ತಿ. ರೂಪವನ್ನೇ ಬದಲಿಸುವುದು ಮಾರ್ಪಾಡು.

ಕೊನೆಯದಾಗಿ, ಮಾರುವ ದಿನದ ಮಾತು. ಹಳೆಯ ಕಾರನ್ನು ಕೊಳ್ಳುವವರು ಅದರ ಅಸಲಿತನಕ್ಕೆ ಬೆಲೆ ಕೊಡುತ್ತಾರೆ. ಯಾವ ಭಾಗ ಹುಟ್ಟಿದಾಗಿನದು, ಯಾವುದು ಪ್ರತಿಕೃತಿ ಎಂಬುದನ್ನು ಬರೆದಿಟ್ಟು ತೋರಿಸಿದರೆ ಬೆಲೆ ಇಳಿಯುತ್ತದೆಂದು ಕೆಲವರು ಅಂಜುತ್ತಾರೆ. ಲೆಕ್ಕವಿಟ್ಟ ಕಾರಿನ ಮೇಲೆ ಕೊಳ್ಳುವವರ ನಂಬಿಕೆ ಹೆಚ್ಚುತ್ತದೆ ಎಂಬುದೇ ನನ್ನ ಅನುಭವ. ಬೆಲೆಯ ಮಾತು ಹಾಗಿರಲಿ, ಆ ಕಾರಿನ ಹಿಂದಿನ ಸೀಟಿನಲ್ಲಿ ನಾಳೆ ಯಾರದೋ ಮಕ್ಕಳು ಕುಳಿತುಕೊಳ್ಳುತ್ತಾರೆ. ಬ್ರೇಕಿನ ರಬ್ಬರು ಯಾವ ವರ್ಷದ್ದೆಂದು ಅವರ ತಂದೆಗೆ ಗೊತ್ತಿರಬೇಕು.

ನಮ್ಮ ಮನೆಯಲ್ಲಿ ಈಗ ಒಂದು ನೋಟುಪುಸ್ತಕವಿದೆ. ಭಾಗದ ಹೆಸರು, ಅಳತೆ, ತಯಾರಾದ ವರ್ಷ, ಹಾಕಿದ ದಿನಾಂಕ, ಬದಲಿಸಬೇಕಾದ ದಿನಾಂಕ, ಹೀಗೆ ಐದು ಕಾಲಮ್ಮುಗಳು. ಕನ್ನಡ ಶಾಲೆಯಲ್ಲಿ ಒಂಬತ್ತನೆಯ ಇಯತ್ತೆ ಓದುವ ಮಗಳು ಅದನ್ನು ಬರೆಯುತ್ತಾಳೆ. ವರ್ನಿಯರಿನ ಅಂಕಿ ಓದುವುದರಲ್ಲಿ ನನಗಿಂತ ಅವಳ ಕಣ್ಣು ಚುರುಕು. ಆ ಬಿರುಕು ಬಿಟ್ಟ ರಬ್ಬರ್ ಕಪ್ಪನ್ನು ಎಸೆದಿಲ್ಲ. ಅದೇ ಹಳೆಯ ಡಬ್ಬಿಯಲ್ಲಿಟ್ಟು, ಮೇಲೆ ದಿನಾಂಕ ಬರೆದು, ನೋಟುಪುಸ್ತಕದ ಪಕ್ಕದಲ್ಲೇ ಇಟ್ಟಿದ್ದೇವೆ. ಮುಂದೆ ಯಾರಾದರೂ ಡಬ್ಬಿ ನೋಡಿ ಬೆಲೆ ಕಟ್ಟಲು ಹೊರಟರೆ ಬಿಚ್ಚಿ ತೋರಿಸಲು ಅದು ಬೇಕಾಗುತ್ತದೆ.